ಕಾಲ್ಚೆಂಡಾಟ: ಆಸೆಯೂ ಅಂಗಳವೂ

ಆಟವು ಬಾಳಿಗೆ ಎಷ್ಟು ಅವಶ್ಯಕವೆಂಬುದನ್ನು ವಿದ್ಯಾರ್ಥಿಮಿತ್ರರಿಗೆ ಹೊಸದಾಗಿ ಹೇಳಬೇಕಾದುದಿಲ್ಲ. ಗಂಟೆ ಬಾರಿಸಿದೊಡನೆ ಪುಸ್ತಕದ ಚೀಲವನ್ನು ಬೆಂಚಿನ ಮೇಲೆಯೇ ಬಿಟ್ಟು ಅಂಗಳಕ್ಕೆ ಓಡುವ ನಿಮಗೆ ಅದರ ಮಹಿಮೆಯು ಗುರುಗಳಿಗಿಂತ ಚೆನ್ನಾಗಿ ತಿಳಿದಿದೆ. ಆಟಗಳಲ್ಲೆಲ್ಲ ಅತ್ಯಂತ ಕಡಿಮೆ ಸಾಮಗ್ರಿಯನ್ನು ಬೇಡುವುದು ಕಾಲ್ಚೆಂಡಾಟ. ಒಂದು ಚೆಂಡು, ಗುರಿಯನ್ನು ಗುರುತಿಸಲು ನಾಲ್ಕು ಇಟ್ಟಿಗೆ, ಒಂದಿಷ್ಟು ಬಯಲು ಇದ್ದರೆ ಸಾಕು. ಹತ್ತು ಹುಡುಗರು ಸಂಜೆಯವರೆಗೆ ಆಡಬಹುದು. ಇಷ್ಟು ಸುಲಭವಾದ ಆಟವಿದ್ದೂ, ನೂರ ನಲವತ್ತು ಕೋಟಿ ಜನರಿರುವ ನಮ್ಮ ದೇಶವು ವಿಶ್ವಕಪ್ಪಿನ ಅಂತಿಮ ಸುತ್ತಿನಲ್ಲಿ ಇಂದಿನವರೆಗೆ ಒಮ್ಮೆಯೂ ಆಡಿಲ್ಲ. “ನಮ್ಮ ದೇಶದವರು ಯಾವಾಗ ಆಡುವರು, ಸರ್?” ಎಂದು ತರಗತಿಯಲ್ಲಿ ಹುಡುಗರು ಮತ್ತೆ ಮತ್ತೆ ಕೇಳುತ್ತಾರೆ. ಆ ಪ್ರಶ್ನೆಯ ಹಿಂದಿರುವ ಆಸೆಯು ದೊಡ್ಡದು, ಗೌರವಕ್ಕೆ ಅರ್ಹವಾದುದು. ಆದರೆ ಆಸೆಯನ್ನು ಎಲ್ಲಿ ಬಿತ್ತಿದರೆ ಅದು ಫಲಿಸೀತು ಎಂಬುದನ್ನು ನಾವು ಯೋಚಿಸಿದಂತೆ ಕಾಣುವುದಿಲ್ಲ. ಈ ವಿಷಯದಲ್ಲಿ ನನಗೆ ತೋಚಿದ ನಾಲ್ಕು ಮಾತುಗಳನ್ನು ಇಲ್ಲಿ ಅರಿಕೆ ಮಾಡಿಕೊಳ್ಳುತ್ತೇನೆ.

ಮೊದಲು ನಮ್ಮ ಹಿಂದಿನ ಸಾಧನೆಯನ್ನು ನೆನೆಯೋಣ. ೧೯೧೧ರಲ್ಲಿ ಕಲಕತ್ತೆಯ ಮೋಹನ ಬಾಗಾನ್ ತಂಡವು ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟಿನ ಆಂಗ್ಲ ಸೈನಿಕರನ್ನು ೨-೧ರಿಂದ ಸೋಲಿಸಿ ಐ.ಎಫ್.ಎ. ಶೀಲ್ಡನ್ನು ಗೆದ್ದಿತು. ಬರಿಗಾಲಿನ ಹುಡುಗರು ಬೂಟುಗಾಲಿನವರನ್ನು ಗೆದ್ದ ಈ ಸುದ್ದಿಯಿಂದ ದೇಶವೇ ಹಿಗ್ಗಿತು. ಇಂತಹ ಕೀರ್ತಿಯಲ್ಲಿ ನಮ್ಮ ಕನ್ನಡ ನಾಡಿನ ಪಾಲೂ ಅಲ್ಪವಾದುದಲ್ಲ. ಮುಂಬಯಿಯಲ್ಲಿ ೧೮೯೧ರಿಂದ ನಡೆದುಬಂದ ರೋವರ್ಸ್ ಕಪ್ಪನ್ನು ಬಹುಕಾಲ ಆಂಗ್ಲ ಸೈನ್ಯದ ತಂಡಗಳೇ ಒಯ್ಯುತ್ತಿದ್ದವು. ಅದನ್ನು ಮೊಟ್ಟಮೊದಲು ಗೆದ್ದ ಭಾರತೀಯ ತಂಡವು ೧೯೩೭ರ ಬೆಂಗಳೂರು ಮುಸ್ಲಿಮ್ಸ್. ಮರುವರ್ಷವೂ ಆ ಕಪ್ಪು ಬೆಂಗಳೂರಿಗೇ ಬಂದಿತು. ರಾಜ್ಯಗಳೊಳಗಣ ಸಂತೋಷ ಟ್ರೋಫಿಯನ್ನು ಮೈಸೂರು ತಂಡವು ೧೯೪೬-೪೭ರಲ್ಲಿ ಮೊದಲು ಗೆದ್ದು, ಮುಂದೆ ೧೯೬೮-೬೯ರ ವರೆಗೆ ಒಟ್ಟು ನಾಲ್ಕು ಬಾರಿ ಗೆದ್ದುಕೊಂಡಿತು. ಆಮೇಲೆ ಐವತ್ತನಾಲ್ಕು ವರ್ಷಗಳ ಕಾಲ ಕಾಯಬೇಕಾಯಿತು. ೨೦೨೩ರ ಮಾರ್ಚ್ ೪ರಂದು ಸೌದಿ ಅರೇಬಿಯದ ರಿಯಾಧ್ ನಗರದಲ್ಲಿ ಕರ್ನಾಟಕವು ಮೇಘಾಲಯವನ್ನು ೩-೨ರಿಂದ ಮಣಿಸಿ ಅದನ್ನು ಮತ್ತೆ ತಂದಿತು.

ಒಲಿಂಪಿಕ್ಸಿನಲ್ಲಿಯೂ ಇದೇ ಮಾತು. ೧೯೪೮ರಲ್ಲಿ ಲಂಡನ್ನಿನಲ್ಲಿ ಸ್ವತಂತ್ರ ಭಾರತದ ತಂಡವು ಫ್ರಾನ್ಸಿನ ಎದುರು ೧-೨ರಿಂದ ಸೋತಿತು. ಆ ದಿನ ನಮ್ಮವರಲ್ಲಿ ಬಹುಮಂದಿ ಬರಿಗಾಲಿನಲ್ಲಿಯೇ ಆಡಿದರು. ದೊರೆತ ಎರಡು ಪೆನಾಲ್ಟಿಗಳೂ ವ್ಯರ್ಥವಾದವು. ನಮ್ಮ ಪಾಲಿಗೆ ಬಂದ ಒಂದೇ ಗೋಲನ್ನು ಹೊಡೆದವರು ಬೆಂಗಳೂರಿನ ಎಸ್. ರಾಮನ್. ೧೯೫೬ರ ಮೆಲ್ಬರ್ನ್ ಕೂಟದಲ್ಲಿ ಭಾರತವು ಆಸ್ಟ್ರೇಲಿಯವನ್ನು ೪-೨ರಿಂದ ಸೋಲಿಸಿ ನಾಲ್ಕನೆಯ ಸ್ಥಾನವನ್ನು ಪಡೆಯಿತು. ೧೯೫೧ರಲ್ಲಿ ದೆಹಲಿಯಲ್ಲಿಯೂ ೧೯೬೨ರಲ್ಲಿ ಜಕಾರ್ತದಲ್ಲಿಯೂ ಏಷ್ಯದ ಕ್ರೀಡಾಕೂಟದ ಚಿನ್ನ ನಮ್ಮದಾಯಿತು. ಜಕಾರ್ತದಲ್ಲಿ ನಾವು ಜಪಾನನ್ನು ೨-೦ರಿಂದಲೂ, ಅಂತಿಮ ಪಂದ್ಯದಲ್ಲಿ ದಕ್ಷಿಣ ಕೊರಿಯವನ್ನು ೨-೧ರಿಂದಲೂ ಸೋಲಿಸಿದೆವು. ಇಂದು ಆ ಎರಡು ದೇಶಗಳು ವಿಶ್ವಕಪ್ಪಿಗೆ ತಪ್ಪದೆ ಹೋಗಿಬರುತ್ತಿವೆ. ನಾವಾದರೋ ೨೦೨೫ರ ನವೆಂಬರ್ ತಿಂಗಳಲ್ಲಿ ವಿಶ್ವದ ರಾಷ್ಟ್ರಗಳ ಪಟ್ಟಿಯಲ್ಲಿ ೧೪೨ನೆಯ ಸ್ಥಾನದಲ್ಲಿದ್ದೆವು.

ಏಕೆ ಹೀಗಾಯಿತು? ದೊಡ್ಡವರ ತಪ್ಪುಗಳನ್ನು ಎಣಿಸಲು ಕುಳಿತರೆ ಬೇಕಾದಷ್ಟು ಸಿಗುತ್ತವೆ. ೧೯೫೦ರ ವಿಶ್ವಕಪ್ಪಿನಲ್ಲಿ ಆಡುವ ಅವಕಾಶವು ತಾನಾಗಿಯೇ ಒದಗಿಬಂದಾಗ ನಮ್ಮ ಸಂಘದವರು ಅಭ್ಯಾಸಕ್ಕೆ ಕಾಲವಿಲ್ಲವೆಂದೂ ತಂಡದ ಆಯ್ಕೆಯಲ್ಲಿ ಒಮ್ಮತವಿಲ್ಲವೆಂದೂ ಹೇಳಿ ಬ್ರೆಜಿಲಿಗೆ ಹೋಗಲಿಲ್ಲ. ೨೦೨೨ರ ಆಗಸ್ಟಿನಲ್ಲಿ ಹೊರಗಿನವರ ಹಸ್ತಕ್ಷೇಪದ ಕಾರಣದಿಂದ ವಿಶ್ವಸಂಸ್ಥೆಯಾದ ಫಿಫಾ ನಮ್ಮ ರಾಷ್ಟ್ರೀಯ ಸಂಘವನ್ನು ಕೆಲವು ದಿನಗಳ ಮಟ್ಟಿಗೆ ಅಮಾನತಿನಲ್ಲಿಟ್ಟಿತು. ದೇಶದ ಮುಖ್ಯ ಲೀಗು ಒಪ್ಪಂದದ ತೊಡಕಿನಲ್ಲಿ ಸಿಕ್ಕಿ, ೨೦೨೫ನೆಯ ಇಸವಿ ಮುಗಿದರೂ ಆ ಸಾಲಿನ ಪಂದ್ಯಗಳು ಆರಂಭವಾಗಲಿಲ್ಲ. ಇವೆಲ್ಲವೂ ನಿಜ. ಅಭಿಮಾನಿಗಳು ಇವುಗಳನ್ನು ಕಂಡು ನೊಂದುಕೊಳ್ಳುವುದೂ ಪ್ರಶ್ನಿಸುವುದೂ ನ್ಯಾಯವೇ. ಆದರೆ ದೊಡ್ಡವರನ್ನು ದೂರಿ ಮನೆಗೆ ಹೋಗಿ ಮಲಗುವ ಅಭಿಮಾನದಿಂದ ಆಟವು ಒಂದು ಗೇಣಿನಷ್ಟೂ ಬೆಳೆಯಲಾರದು.

೨೦೧೮ರ ಜೂನ್ ತಿಂಗಳ ಒಂದು ಪ್ರಸಂಗವನ್ನು ಇಲ್ಲಿ ನೆನೆಯಬಹುದು. ಮುಂಬಯಿಯಲ್ಲಿ ಭಾರತವು ಚೈನೀಸ್ ತೈಪೆಯನ್ನು ೫-೦ರಿಂದ ಸೋಲಿಸಿದಾಗ ನೋಡಲು ಬಂದಿದ್ದವರು ಸುಮಾರು ಎರಡೂವರೆ ಸಾವಿರ ಜನ ಮಾತ್ರ. ಆಗ ನಾಯಕ ಸುನಿಲ್ ಛೇತ್ರಿಯವರು ಜನರಲ್ಲಿ ಒಂದು ವಿಜ್ಞಾಪನೆ ಮಾಡಿಕೊಂಡರು: ನಮ್ಮನ್ನು ಬೈಯಿರಿ, ಟೀಕಿಸಿರಿ, ಆದರೆ ಮೈದಾನಕ್ಕೆ ಬಂದು ನೋಡಿರಿ ಎಂಬುದು ಅದರ ತಾತ್ಪರ್ಯ. ಎರಡೇ ದಿನಗಳಲ್ಲಿ ಕೀನ್ಯದ ಎದುರಿನ ಮುಂದಿನ ಪಂದ್ಯಕ್ಕೆ ಟಿಕೆಟುಗಳೆಲ್ಲವೂ ಖರ್ಚಾದವು. ಅವರ ನೂರನೆಯ ಪಂದ್ಯವಾಗಿದ್ದ ಅದರಲ್ಲಿ ನಮ್ಮವರು ೩-೦ರಿಂದ ಗೆದ್ದರು. ೨೦೧೭ರಲ್ಲಿ ಹದಿನೇಳು ವರ್ಷದೊಳಗಿನವರ ವಿಶ್ವಕಪ್ಪು ನಮ್ಮ ದೇಶದಲ್ಲಿ ನಡೆದಾಗ ಹದಿಮೂರು ಲಕ್ಷಕ್ಕೂ ಮೀರಿದ ಪ್ರೇಕ್ಷಕರು ಕೂಡಿದ್ದರು. ಜನರಿಗೆ ಆಸೆಯಿಲ್ಲವೆಂದು ಯಾರೂ ಹೇಳುವಂತಿಲ್ಲ. ಆ ಆಸೆಯನ್ನು ಮನೆಯ ಕುರ್ಚಿಯಿಂದ ಎಬ್ಬಿಸಿ ಮೈದಾನಕ್ಕೆ ಕರೆತರುವುದೇ ಕಷ್ಟದ ಕೆಲಸ.

ಈಗ ನಮ್ಮ ಊರಿಗೆ ಬರೋಣ. ಅಹಮದಾಬಾದಿನ ಕಾಂಕರಿಯಾ ಕೆರೆಯ ಬಳಿಯ ಕ್ರೀಡಾಂಗಣದಲ್ಲಿ ೨೦೧೯ರ ಜುಲೈ ತಿಂಗಳಲ್ಲಿ ಭಾರತ, ಸಿರಿಯ, ತಜಕಿಸ್ತಾನ ಮತ್ತು ಉತ್ತರ ಕೊರಿಯಗಳ ತಂಡಗಳು ಇಂಟರ್‌ಕಾಂಟಿನೆಂಟಲ್ ಕಪ್ಪಿಗಾಗಿ ಹೋರಾಡಿದವು. ಮೊದಲ ಪಂದ್ಯದಲ್ಲಿ ತಜಕಿಸ್ತಾನದ ಎದುರು ನಮ್ಮವರು ಅರ್ಧ ಕಾಲದ ಹೊತ್ತಿಗೆ ೨-೦ರಿಂದ ಮುಂದಿದ್ದರು. ಆಟ ಮುಗಿದಾಗ ೨-೪ರಿಂದ ಸೋತಿದ್ದರು. ಕೊರಿಯದ ಎದುರು ೨-೫ರಿಂದ ಸೋತು, ಸಿರಿಯದೊಡನೆ ೧-೧ರಿಂದ ಸಮ ಮಾಡಿಕೊಂಡು ನಮ್ಮವರು ಕಡೆಯ ಸ್ಥಾನಕ್ಕೆ ಇಳಿದರು. ಆರು ವರ್ಷಗಳ ಮೇಲೆ, ೨೦೨೫ರ ನವೆಂಬರ್ ೩೦ರಂದು, ಅದೇ ಕ್ರೀಡಾಂಗಣದಲ್ಲಿ ಹದಿನೇಳು ವರ್ಷದೊಳಗಿನ ಭಾರತದ ಬಾಲಕರು ಇರಾನಿನವರನ್ನು ಎದುರಿಸಿದರು. ಏಷ್ಯಾ ಕಪ್ಪಿನ ಅಂತಿಮ ಸುತ್ತಿಗೆ ಹೋಗಬೇಕಾದರೆ ಗೆಲ್ಲಲೇಬೇಕಾದ ಪಂದ್ಯವದು. ಮೊದಲ ಗೋಲು ಇರಾನಿನದಾಯಿತು. ಬಾಲಕರು ಧೃತಿಗೆಡಲಿಲ್ಲ, ವಿರಾಮದ ಮೊದಲೇ ಸಮ ಮಾಡಿ, ವಿರಾಮದ ಬಳಿಕ ಇನ್ನೊಂದನ್ನು ಹೊಡೆದು ೨-೧ರಿಂದ ಗೆದ್ದು ಅರ್ಹತೆ ಗಳಿಸಿದರು. ಒಂದೇ ಅಂಗಳದಲ್ಲಿ ದೊಡ್ಡವರು ಕೈಗೆ ಬಂದುದನ್ನು ಬಿಟ್ಟರು. ಕಿರಿಯರು ಕೈಬಿಟ್ಟುದನ್ನು ಹಿಡಿದರು. ನಮ್ಮ ಕಾಲ್ಚೆಂಡಾಟದ ಆಸೆಯು ಯಾರ ಮೇಲೆ ನಿಲ್ಲಬೇಕೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉತ್ತರ ಬೇಕೆ? ಆ ಬಾಲಕರು ನಿಮ್ಮ ವಯಸ್ಸಿನವರು. ಅವರು ಗೆದ್ದದ್ದು ನಮ್ಮ ಊರಿನಲ್ಲಿ, ಸಿಟಿ ಬಸ್ಸಿನಲ್ಲಿ ಹೋಗಿ ನೋಡಬಹುದಾದ ಸ್ಥಳದಲ್ಲಿ. ಆದರೆ ಅದನ್ನು ಯಾರು ನೋಡಿದಿರಿ ಎಂದು ಕೇಳಿದಾಗ ತರಗತಿಯಲ್ಲಿ ಎದ್ದ ಕೈಗಳು ಬಹಳ ಕಡಿಮೆ. ಅರ್ಜೆಂಟೀನದ ಆಟಗಾರರ ಹೆಸರು ಕೇಳಿದಾಗ ಮಾತ್ರ ಕೈಗಳ ಕಾಡೇ ಎದ್ದಿತು.

ಇಲ್ಲಿಯೇ ನನ್ನ ಮುಖ್ಯವಾದ ಮಾತು ಇದೆ. ನಾವು ಹೋಟೆಲು, ಬ್ಯಾಂಕು, ರೈಲ್ವೆ, ಕಾರ್ಖಾನೆಗಳ ಕೆಲಸಕ್ಕೆಂದು ಊರು ಬಿಟ್ಟು ಬಂದವರು. ನಮ್ಮ ಮನಸ್ಸು ಸದಾ ಹಿಂದಿರುಗಿ ನೋಡುತ್ತಿರುತ್ತದೆ. ಇದು ಸಹಜ; ಇದು ಇಲ್ಲದಿದ್ದರೆ ಪರಸ್ಥಳದಲ್ಲಿ ಕನ್ನಡ ಶಾಲೆಯೇ ಇರುತ್ತಿರಲಿಲ್ಲ. ಆದರೆ ಆಟದ ವಿಷಯದಲ್ಲಿ ಈ ಸ್ವಭಾವವು ನಮ್ಮನ್ನು ನೋಡುವವರನ್ನಾಗಿ ಮಾತ್ರ ಉಳಿಸಿಬಿಡುತ್ತದೆ. ೨೦೧೩ರಲ್ಲಿ ಸ್ಥಾಪನೆಯಾಗಿ, ಮೊದಲ ವರ್ಷವೇ ಐ-ಲೀಗನ್ನು ಗೆದ್ದು, ೨೦೧೬ರಲ್ಲಿ ಎ.ಎಫ್.ಸಿ. ಕಪ್ಪಿನ ಅಂತಿಮ ಪಂದ್ಯವನ್ನು ಮುಟ್ಟಿದ ಮೊದಲ ಭಾರತೀಯ ತಂಡವೆನಿಸಿದ ಬೆಂಗಳೂರು ಎಫ್.ಸಿ.ಯ ಮೇಲೆ ನಿಮಗೆ ಅಭಿಮಾನವಿರಲಿ. ಆದರೆ ಕಂಠೀರವ ಕ್ರೀಡಾಂಗಣದಲ್ಲಿ ಕೂಗುವ ಭಾಗ್ಯ ನಿಮಗೆ ವರ್ಷಕ್ಕೊಮ್ಮೆಯೂ ದೊರೆಯದು. ಅದನ್ನು ಮೊಬೈಲಿನಲ್ಲಿ ನೋಡುತ್ತಾ ಪಕ್ಕದ ಬೀದಿಯ ಮೈದಾನವನ್ನು ಮರೆಯುವುದು, ಅಂಗೈಯಲ್ಲಿ ಬೆಣ್ಣೆಯಿಟ್ಟುಕೊಂಡು ತುಪ್ಪಕ್ಕಾಗಿ ಊರೆಲ್ಲ ಅಲೆದಂತೆ. ಅಭಿಮಾನವು ಕಾಲು ನಡೆದು ಮುಟ್ಟಬಲ್ಲ ಮೈದಾನದಲ್ಲಿ ಮೊದಲು ಬೇರೂರಬೇಕು.

ಇದು ಕನ್ನಡತನಕ್ಕೆ ಕುಂದೆಂದು ಯಾರೂ ಭಾವಿಸಬೇಕಾಗಿಲ್ಲ. ಬೆಂಗಳೂರಿನ ಅಹಮದ್ ಖಾನ್ ಮತ್ತು ಧನರಾಜ್ ಇಬ್ಬರೂ ಕಲಕತ್ತೆಗೆ ಹೋಗಿ ಈಸ್ಟ್ ಬೆಂಗಾಲ್ ತಂಡವನ್ನು ಸೇರಿದರು. ಆ ತಂಡದ ಐವರು ಮುಂಚೂಣಿ ಆಟಗಾರರಲ್ಲಿ ಅವರೂ ಸೇರಿದ್ದರು. ಬಂಗಾಳದ ಜನ ಆ ಐವರನ್ನು ಪಂಚಪಾಂಡವರೆಂದು ಕರೆದು ತಲೆಯ ಮೇಲೆ ಹೊತ್ತು ಮೆರೆದರು. ಹೋದ ಊರನ್ನು ತಮ್ಮದೆಂದು ಆಡಿದುದರಿಂದ ಹುಟ್ಟಿದ ಊರಿಗೂ ಅವರಿಂದ ಕೀರ್ತಿ ಬಂದಿತು. ಹೊರದೇಶದ ಒಂದು ನಿದರ್ಶನವನ್ನೂ ಹೇಳುತ್ತೇನೆ. ೨೦೨೬ರ ವಿಶ್ವಕಪ್ಪಿಗೆ ಕುರಸಾವೊ ಎಂಬ ಕೆರಿಬಿಯನ್ ದ್ವೀಪವು ಅರ್ಹತೆ ಗಳಿಸಿತು. ಅದರ ಜನಸಂಖ್ಯೆ ಸುಮಾರು ಒಂದೂವರೆ ಲಕ್ಷ. ನಮ್ಮ ಹಿರಿಯರು ಬಡೋದೆಯೆಂದು ಕರೆಯುತ್ತಿದ್ದ ವಡೋದರಾ ನಗರದ ಹತ್ತರಲ್ಲೊಂದು ಪಾಲೂ ಆಗದು. ವಿಶ್ವಕಪ್ಪಿಗೆ ಇಷ್ಟು ಚಿಕ್ಕ ನಾಡು ಹಿಂದೆಂದೂ ಹೋಗಿರಲಿಲ್ಲ. ಆದರೆ ಆ ತಂಡದ ಆಟಗಾರರಲ್ಲಿ ಬಹುಪಾಲು ಮಂದಿ ಹುಟ್ಟಿ ಬೆಳೆದದ್ದು ನೆದರ್ಲೆಂಡ್ಸಿನಲ್ಲಿ. ತಂದೆತಾಯಿಗಳು ಅಥವಾ ಅಜ್ಜಅಜ್ಜಿಯರು ದ್ವೀಪವನ್ನು ಬಿಟ್ಟು ಬಂದವರು. ಮಕ್ಕಳು ತಾವಿದ್ದ ಊರಿನ ಮೈದಾನದಲ್ಲಿ ಚೆಂಡಾಡಲು ಕಲಿತವರು. ಬಂದ ಊರಿನಲ್ಲಿ ಕಲಿತ ವಿದ್ಯೆಯೇ ಬಿಟ್ಟ ಊರಿನ ಧ್ವಜವನ್ನು ಮೇಲೆತ್ತಿತು. ವಲಸೆ ಬಂದವರ ಮಕ್ಕಳಾದ ನೀವು ಈ ಮಾತನ್ನು ಚೆನ್ನಾಗಿ ಮನನ ಮಾಡಬೇಕು.

ಜಪಾನಿನವರು ೧೯೯೩ರಲ್ಲಿ ತಮ್ಮ ವೃತ್ತಿಪರ ಲೀಗನ್ನು ಆರಂಭಿಸಿದಾಗ ಒಂದು ವಿವೇಕದ ನಿಯಮವನ್ನು ಮಾಡಿಕೊಂಡರು: ಪ್ರತಿ ತಂಡಕ್ಕೂ ಒಂದು ತವರೂರು ಇರಬೇಕು, ಆ ಊರಿನ ಜನರೊಡನೆ ಅದು ಕೂಡಿ ಬೆಳೆಯಬೇಕು. ಐದು ವರ್ಷಗಳಲ್ಲಿ, ೧೯೯೮ರಲ್ಲಿ, ಅವರು ಮೊದಲ ಬಾರಿಗೆ ವಿಶ್ವಕಪ್ಪಿನಲ್ಲಿ ಆಡಿದರು. ಅಂದಿನಿಂದ ಒಮ್ಮೆಯೂ ತಪ್ಪಿಸಿಕೊಂಡಿಲ್ಲ. ಬೆಂಗಳೂರಿನ ಹಿಂದಿನ ಹಿರಿಮೆಯ ಗುಟ್ಟೂ ಇದೇ ಆಗಿತ್ತು. ದಂಡುಪ್ರದೇಶದ ಕೇರಿಗಳು, ಹಿಂದೂಸ್ತಾನ್ ಏರೋನಾಟಿಕ್ಸ್, ಐ.ಟಿ.ಐ. ಮೊದಲಾದ ಕಾರ್ಖಾನೆಗಳು ತಮ್ಮ ತಮ್ಮ ತಂಡಗಳನ್ನು ಸಾಕಿದವು. ಕನ್ನಡ, ತಮಿಳು, ಉರ್ದು ಮನೆಮಾತಿನ ಹುಡುಗರು ಒಂದೇ ಬಯಲಿನಲ್ಲಿ ಕೂಡಿ ಆಡಿದರು. ಗೌತಮಪುರದ ಕೇರಿಯಲ್ಲಿ ಇಂದಿಗೂ ಪೆಲೆಯ ಪ್ರತಿಮೆಯಿದೆ.

ಗುಜರಾತಿನಲ್ಲಿಯೂ ಬೀಜ ಬಿದ್ದಿದೆ. ೨೦೨೪ರ ಮೇ ತಿಂಗಳಲ್ಲಿ ರಾಜ್ಯದ ಸಂಘವು ಗುಜರಾತ್ ಸೂಪರ್ ಲೀಗನ್ನು ಆರಂಭಿಸಿತು. ಅದರ ಆರು ತಂಡಗಳಲ್ಲಿ ಅಹಮದಾಬಾದಿನದೂ, ಸೂರತ್ತಿನದೂ, ವಡೋದರೆಯದೂ ಇದ್ದವು. ೨೦೨೦ರ ಆರಂಭದಲ್ಲಿ ಬೆಂಗಳೂರಿನಲ್ಲಿ ನಡೆದ ಭಾರತದ ಮಹಿಳಾ ಲೀಗಿನಲ್ಲಿ ಬರೋಡಾ ಫುಟ್ಬಾಲ್ ಅಕಾಡೆಮಿಯ ಹುಡುಗಿಯರು ಆಡಿಬಂದರು. ಹುಡುಗಿಯರ ವಿಷಯದಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ೨೦೨೫ರ ಜುಲೈ ೫ರಂದು ಭಾರತದ ಮಹಿಳೆಯರು ಥಾಯ್ಲೆಂಡಿಗೇ ಹೋಗಿ ಥಾಯ್ಲೆಂಡನ್ನು ೨-೧ರಿಂದ ಸೋಲಿಸಿ, ಅರ್ಹತಾ ಪಂದ್ಯಗಳ ದಾರಿಯಿಂದ ಮೊದಲ ಬಾರಿಗೆ ಏಷ್ಯಾ ಕಪ್ಪನ್ನು ಪ್ರವೇಶಿಸಿದರು. ಎರಡೂ ಗೋಲುಗಳು ಸಂಗೀತಾ ಬಾಸ್ಫೋರ್ ಅವರವು. ಪುರುಷರ ತಂಡವು ತನ್ನ ಏಷ್ಯಾ ಕಪ್ಪಿನ ಅರ್ಹತೆಯನ್ನು ಕಳೆದುಕೊಂಡ ವರ್ಷವೂ ಅದೇ ಎಂಬುದನ್ನು ಗಮನಿಸಿರಿ. ಹೀಗಿದ್ದೂ ನಮ್ಮ ಅಂಗಳದಲ್ಲಿ ಹುಡುಗಿಯರು ಗೋಡೆಯ ಪಕ್ಕದಲ್ಲಿ ನಿಂತು ಚಪ್ಪಾಳೆ ತಟ್ಟುತ್ತಾರೆ. ಚೆಂಡು ಹುಡುಗರ ಕಾಲಲ್ಲಿಯೇ ಸುತ್ತುತ್ತದೆ. ದೇಶದ ಆಸೆಯಲ್ಲಿ ಅರ್ಧವನ್ನು ಗೋಡೆಗೆ ಒರಗಿಸಿಟ್ಟು ಉಳಿದರ್ಧದಿಂದ ವಿಶ್ವವನ್ನು ಗೆಲ್ಲುವೆವೆಂಬುದು ಯಾವ ಲೆಕ್ಕ?

ಇನ್ನು ಆಕ್ಷೇಪಣೆಗಳು. “ಆಟದಿಂದ ಓದು ಕೆಡುತ್ತದೆ” ಎಂಬುದು ಪೋಷಕರ ಮೊದಲ ಮಾತು. ಊರುಬಿಟ್ಟು ಬಂದು, ಬಾಡಿಗೆಯ ಕೋಣೆಯಲ್ಲಿದ್ದು, ಮಕ್ಕಳ ಪರೀಕ್ಷೆಯ ಮೇಲೆಯೇ ಮನೆಯ ಭವಿಷ್ಯವನ್ನು ಇಟ್ಟಿರುವ ತಂದೆತಾಯಿಗಳ ಭಯವನ್ನು ನಾನು ಅಲ್ಲಗಳೆಯುವುದಿಲ್ಲ. ಕಾಲ್ಚೆಂಡಾಟವು ನಮ್ಮ ದೇಶದಲ್ಲಿ ಎಲ್ಲರಿಗೂ ಅನ್ನ ಕೊಡುವ ವೃತ್ತಿಯಾಗಿಲ್ಲ. ಅದನ್ನು ಮುಚ್ಚಿಡುವುದು ಮಕ್ಕಳಿಗೆ ಮಾಡುವ ಮೋಸ. ಆದರೆ ನೂರು ಮಕ್ಕಳಲ್ಲಿ ಒಬ್ಬನೂ ವೃತ್ತಿಯ ಆಟಗಾರನಾಗದಿದ್ದರೂ, ನೂರು ಮಕ್ಕಳೂ ದಿನಕ್ಕೊಂದು ಗಂಟೆ ಓಡಿದರೆ ಆಗುವ ನಷ್ಟವೇನು? ಸೋತ ದಿನ ಎದುರಾಳಿಯ ಕೈ ಕುಲುಕುವುದನ್ನೂ, ತನಗೆ ಹೊಡೆಯುವ ಅವಕಾಶವಿದ್ದರೂ ಹೆಚ್ಚು ಅನುಕೂಲವಾದ ಸ್ಥಳದಲ್ಲಿರುವ ಗೆಳೆಯನಿಗೆ ಚೆಂಡನ್ನು ಕೊಡುವುದನ್ನೂ ಯಾವ ಪಠ್ಯಪುಸ್ತಕವೂ ಇಷ್ಟು ಚೆನ್ನಾಗಿ ಕಲಿಸಲಾರದು.

“ಕ್ರಿಕೆಟ್ ಇರುವಾಗ ಇದೇಕೆ?” ಎಂಬುದು ಎರಡನೆಯ ಮಾತು. ಕ್ರಿಕೆಟನ್ನು ಹಳಿಯುವುದರಿಂದ ಕಾಲ್ಚೆಂಡು ಬೆಳೆಯದು. ಮೊಟೇರಾದಲ್ಲಿ ಲಕ್ಷಕ್ಕೂ ಮೀರಿದ ಜನ ಕುಳಿತುಕೊಳ್ಳುವ ಕ್ರೀಡಾಂಗಣವಿರುವುದು ನಮ್ಮ ಊರಿಗೆ ಹೆಮ್ಮೆಯೇ. ಆದರೆ ಲಕ್ಷ ಜನ ಕುಳಿತು ನೋಡುವ ಒಂದು ಸ್ಥಳಕ್ಕಿಂತ, ಇಪ್ಪತ್ತು ಮಕ್ಕಳು ನಿಂತು ಆಡುವ ಸಾವಿರ ಸ್ಥಳಗಳು ದೇಶಕ್ಕೆ ಹೆಚ್ಚು ಬೇಕಾಗಿವೆ. ಇದು ಮೂರನೆಯ ಮತ್ತು ಅತ್ಯಂತ ಕಠಿಣವಾದ ಆಕ್ಷೇಪಣೆಗೆ ನಮ್ಮನ್ನು ಒಯ್ಯುತ್ತದೆ: “ಮೈದಾನವೆಲ್ಲಿ?” ನಗರವು ಬೆಳೆದಂತೆ ಬಯಲುಗಳು ಕಟ್ಟಡಗಳಾಗುತ್ತಿವೆ, ಉಳಿದವುಗಳಿಗೆ ಬೇಲಿ ಬಿದ್ದು ಗಂಟೆಯ ಲೆಕ್ಕದಲ್ಲಿ ಬಾಡಿಗೆ ಕೇಳಲಾಗುತ್ತಿದೆ. ಬಾಡಿಗೆ ಕೊಡಬಲ್ಲವನು ಆಡುವನು, ಕೊಡಲಾರದವನು ಬೇಲಿಯಾಚೆ ನಿಂತು ನೋಡುವನು. ೨೦೩೦ರ ಕಾಮನ್‌ವೆಲ್ತ್ ಕ್ರೀಡಾಕೂಟವನ್ನು ಅಹಮದಾಬಾದಿಗೆ ಕೊಡಲಾಗಿದೆ. ಆ ಕೂಟದಲ್ಲಿ ಕಾಲ್ಚೆಂಡಾಟಕ್ಕೆ ಸ್ಥಾನವಿಲ್ಲ. ಆದರೂ ಕ್ರೀಡೆಯ ಹೆಸರಿನಲ್ಲಿ ನಗರವು ಅಣಿಯಾಗುವ ಈ ಕಾಲದಲ್ಲಿಯೇ, ಪ್ರತಿ ವಾರ್ಡಿನಲ್ಲಿಯೂ ಬಾಡಿಗೆಯಿಲ್ಲದ ಒಂದು ಬಯಲನ್ನು ಶಾಲೆಯ ಮಕ್ಕಳಿಗೆ ಬಿಡಿರೆಂದು ಕೇಳುವುದು ಎಲ್ಲ ಅಭಿಮಾನಿಗಳ ಕರ್ತವ್ಯ. ವಿಶ್ವಕಪ್ಪಿನ ಆಸೆಗಿಂತ ಈ ಬಯಲಿನ ಆಸೆ ಚಿಕ್ಕದಾಗಿ ಕಾಣಬಹುದು. ಆದರೆ ಇದು ಮೊದಲು ಕೈಗೂಡದೆ ಅದು ಎಂದಿಗೂ ಕೈಗೂಡದು.

ಬಯಲು ದೊರೆಯುವವರೆಗೆ ನಾವು ಕೈಕಟ್ಟಿ ಕೂಡಬೇಕೆ? ಬೇಕಿಲ್ಲ. ನಮ್ಮ ಶಾಲೆಯ ಅಂಗಳದಲ್ಲಿ ಹನ್ನೊಂದು ಹನ್ನೊಂದು ಜನ ಆಡಲಾಗದಿದ್ದರೂ ಐವರು ಐವರು ಆಡಬಹುದು. ಒಂದು ದಿನ ಹುಡುಗರಿಗಾದರೆ ಒಂದು ದಿನ ಹುಡುಗಿಯರಿಗೆ ಎಂದು ಕಟ್ಟುನಿಟ್ಟಾಗಿ ಗೊತ್ತುಮಾಡಬಹುದು. ಸರಿಯಾಗಿ ಆಡಲು ಬಾರದವರು ನಿಯಮಗಳನ್ನು ಕಲಿತು ಸೀಟಿ ಹಿಡಿಯಲಿ; ಒಳ್ಳೆಯ ರೆಫರಿಗಳಿಲ್ಲದೆ ಯಾವ ದೇಶದ ಆಟವೂ ಬೆಳೆದಿಲ್ಲ. ಇನ್ನೂ ಒಂದು ಸಲಹೆ: ನೆರೆಯ ಗುಜರಾತಿ, ಹಿಂದಿ, ಉರ್ದು, ಮರಾಠಿ ಮಾಧ್ಯಮದ ಶಾಲೆಗಳೊಡನೆ ವರ್ಷಕ್ಕೊಮ್ಮೆ ಒಂದು ಚಿಕ್ಕ ಪಂದ್ಯಾವಳಿಯನ್ನು ನಡೆಸೋಣ. ಹಿಂದೊಮ್ಮೆ ಧಾರವಾಡ, ಬೆಳಗಾವಿಗಳೂ ಅಹಮದಾಬಾದು, ಸೂರತ್ತುಗಳೂ ಒಂದೇ ಮುಂಬಯಿ ಪ್ರಾಂತದಲ್ಲಿದ್ದವು. ೧೯೫೬ರಲ್ಲಿ ನಮ್ಮ ಜಿಲ್ಲೆಗಳು ಮೈಸೂರಿಗೆ ಸೇರಿದವು, ೧೯೬೦ರಲ್ಲಿ ಗುಜರಾತು ಬೇರೆ ರಾಜ್ಯವಾಯಿತು. ಅಂದು ಆಡಳಿತವು ಕೂಡಿಸಿದ್ದವರನ್ನು ಇಂದು ಒಂದು ಚೆಂಡು ಕೂಡಿಸಲಿ. ಚೆಂಡಿಗೆ ಮಾಧ್ಯಮವಿಲ್ಲ, “ಇಲ್ಲಿ ಕೊಡು” ಎಂಬ ಮಾತು ಅದರ ಸುತ್ತ ಎಲ್ಲ ಭಾಷೆಯಲ್ಲಿಯೂ ಅರ್ಥವಾಗುತ್ತದೆ.

ವರ್ಷಕ್ಕೆ ಒಂದು ಸಲವಾದರೂ ನಿಮ್ಮ ನಗರದ ತಂಡದ ಪಂದ್ಯವನ್ನು ಹೋಗಿ ನೋಡಿರಿ. ಸಾಧ್ಯವಾದರೆ ತಂದೆತಾಯಿಗಳನ್ನೂ ಕರೆದೊಯ್ಯಿರಿ. ಅಲ್ಲಿ ಆಟವು ಪರದೇಶದ ಆಟದಷ್ಟು ಚುರುಕಾಗಿರದು, ತಪ್ಪುಗಳು ಕಾಣುವವು. ಆದರೆ ಅಲ್ಲಿ ಆಡುವವನು ನಿಮ್ಮ ಬೀದಿಯವನಾಗಿರಬಹುದು. ನಿಮ್ಮ ಒಂದು ಕೂಗು ಅವನ ಕಿವಿಗೆ ನಿಜವಾಗಿಯೂ ಬೀಳುತ್ತದೆ. ಪರದೇಶದ ತಾರೆಗೆ ನಿಮ್ಮ ಅಭಿಮಾನವು ಕೋಟಿಯಲ್ಲೊಂದು; ಇವನಿಗೆ ಅದು ನೂರರಲ್ಲೊಂದು.

ವಿದ್ಯಾರ್ಥಿಮಿತ್ರರೇ, ಭಾರತವು ವಿಶ್ವಕಪ್ಪಿನಲ್ಲಿ ಯಾವಾಗ ಆಡುವುದೆಂದು ಹೇಳಲು ನಾನು ಜ್ಯೋತಿಷಿಯಲ್ಲ. ಆದರೆ ಆ ದಿನ ಯಾವ ದಾರಿಯಿಂದ ಬರುವುದೆಂದು ಹೇಳಬಲ್ಲೆ. ಅದು ಬಾಡಿಗೆಯಿಲ್ಲದ ಬಯಲಿನಿಂದ, ಹುಡುಗಿಯರಿಗೂ ಚೆಂಡು ಸಿಗುವ ಅಂಗಳದಿಂದ, ನೋಡುವವರಿರುವ ಚಿಕ್ಕ ಪಂದ್ಯಗಳಿಂದ ಬರುವುದು. ನಾಳೆ ಗಂಟೆ ಬಾರಿಸಿದಾಗ ಚೆಂಡನ್ನು ಯಾರು ತರುವರೆಂದು ಇಂದೇ ಗೊತ್ತುಮಾಡಿಕೊಳ್ಳಿರಿ.